ರೋಹಿಣಿ ಮಳೆಗೆ ಮುನ್ನ: ಬೇಸಿಗೆಯ ಫಸಲು, ಅಟ್ಟದ ವಿಂಗಡಣೆ, ಬರವಣಿಗೆ ಮೂರನ್ನೂ ನಡೆಸುವ ಬಗೆ

ಯುಗಾದಿ ಕಳೆದು ಮಳೆಗಾಲ ಹಿಡಿಯುವವರೆಗಿನ ಎರಡು, ಎರಡೂವರೆ ತಿಂಗಳನ್ನು ಪೇಟೆಯವರು ರಜೆಯ ಕಾಲ ಎನ್ನುತ್ತಾರೆ. ಶಿರಸಿ, ಸಿದ್ದಾಪುರ, ಸಾಗರದ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ವರ್ಷದ ಅತ್ಯಂತ ತುರುಸಿನ ಕಾಲ ಅದೇ. ಉಪ್ಪಿನಕಾಯಿಗೆ ಹಾಕುವ ಅಪ್ಪೆಮಿಡಿ ಮಾವು, ಗೇರುಬೀಜ, ಹಲಸು, ಮುರುಗಲು (ಕೋಕಂ) ಒಂದರ ಬೆನ್ನಿಗೆ ಒಂದು ಬರುತ್ತವೆ. ಸಿಪ್ಪೆ ಸಮೇತ ಒಣಗಿಸಿದ ಚಾಲಿ ಅಡಿಕೆ ಸುಲಿದು ಮುಗಿದಿರುವುದಿಲ್ಲ. ಅಟ್ಟ ಇಳಿಸಿ ಗುಡಿಸಬೇಕು, ಹಾಸಿಗೆ ಕಂಬಳಿಗಳಿಗೆ ಬಿಸಿಲು ತೋರಿಸಬೇಕು, ಸೌದೆ ಒಳಗೆ ಸೇರಬೇಕು. ಇವುಗಳ ನಡುವೆ ಮದುವೆ ಉಪನಯನಗಳ ಕರೆಯೋಲೆಗಳು ಮತ್ತು ರಜೆಗೆ ಬಂದ ಮಕ್ಕಳು. ಇಂಥ ಮನೆಯಲ್ಲಿ ಬರೆಯುವ ಹವ್ಯಾಸವುಳ್ಳವರು ಯಾರಾದರೂ ಇದ್ದರೆ ಅವರು ಬರವಣಿಗೆಯನ್ನು ಮಳೆಗಾಲಕ್ಕೆ ಮುಂದೂಡುವುದು ರೂಢಿ. ನಾನೂ ಹತ್ತು ಹನ್ನೆರಡು ವರ್ಷ ಹಾಗೆಯೇ ಮಾಡಿದೆ. ಜುಲೈಯಲ್ಲಿ ಕುಳಿತು ನೋಡಿದರೆ ಏಪ್ರಿಲ್‌ನಲ್ಲಿ ತಲೆಯೊಳಗೆ ಓಡಾಡುತ್ತಿದ್ದ ಕತೆಯ ಎಲುಬು ಮಾತ್ರ ಉಳಿದಿರುತ್ತಿತ್ತು. ಆಮೇಲೆ ಕೆಲಸದ ಕ್ರಮವನ್ನೇ ಬದಲಿಸಿದೆ. ಆ ಕ್ರಮವನ್ನು, ಅದರಲ್ಲಿ ನಾನು ಮಾಡಿಕೊಂಡ ಎಡವಟ್ಟುಗಳ ಸಮೇತ, ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಹಂತ 1: ಯಾವುದು ಎಷ್ಟು ಹೊತ್ತು ಕಾಯುತ್ತದೆ ಎಂದು ಬರೆದುಕೊಳ್ಳುವುದು

ಕೆಲಸಗಳನ್ನು ಮುಖ್ಯ, ಅಮುಖ್ಯ ಎಂದು ವಿಂಗಡಿಸಲು ಹೋದರೆ ತೋಟದ ಮನೆಯಲ್ಲಿ ಜಗಳವೇ ಆದೀತು, ಏಕೆಂದರೆ ಅತ್ತೆಯವರಿಗೆ ಮುಖ್ಯವಾದದ್ದು ಒಂದು, ಗಂಡನಿಗೆ ಇನ್ನೊಂದು, ನಮಗೆ ಮತ್ತೊಂದು. ಅದರ ಬದಲು ಪ್ರತಿಯೊಂದೂ ನಮಗಾಗಿ ಎಷ್ಟು ಹೊತ್ತು ಕಾಯಬಲ್ಲದು ಎಂದು ಲೆಕ್ಕ ಹಾಕಿದರೆ ವಾದಕ್ಕೆ ಎಡೆಯಿರುವುದಿಲ್ಲ. ಕೊಯ್ದ ಅಪ್ಪೆಮಿಡಿ ಒಂದು ದಿನಕ್ಕಿಂತ ಹೆಚ್ಚು ಕಾಯುವುದಿಲ್ಲ. ತೊಟ್ಟು ಬಾಡಿದ ಮೇಲೆ ಉಪ್ಪಿಗೆ ಹಾಕಿದ ಮಿಡಿ ಮೆತ್ತಗಾಗುತ್ತದೆ. ಹಪ್ಪಳಕ್ಕೆಂದು ಇಳಿಸಿದ ಬಲಿತ ಹಲಸಿನಕಾಯಿ ಎರಡು ದಿನ ಕಾದೀತು, ಮೂರನೆಯ ದಿನ ಸೊಳೆಗೆ ಸಿಹಿ ಹತ್ತತೊಡಗುತ್ತದೆ. ಕಳಿತ ಮುರುಗಲಿಗೂ ಅಷ್ಟೇ ಆಯುಸ್ಸು. ಗೇರುಬೀಜ ಒಮ್ಮೆ ಚೆನ್ನಾಗಿ ಒಣಗಿತೆಂದರೆ ವಾರಗಟ್ಟಲೆ ಸುಮ್ಮನಿರುತ್ತದೆ. ಅಟ್ಟದ ಮೇಲಿನ ಹಳೆಯ ಕಾಗದಗಳು ಮೂವತ್ತು ವರ್ಷ ಕಾದಿವೆ, ಇನ್ನೊಂದು ವಾರ ಕಾಯುತ್ತವೆ. ಆದರೆ ಜೂನ್ ಹಿಡಿದ ಮೇಲೆ ಅವನ್ನು ಬಿಚ್ಚಿದರೆ ಹಾಳೆ ತೇವ ಕುಡಿದು ಬೂಷ್ಟು ಹಿಡಿಯುತ್ತದೆ, ಆದ್ದರಿಂದ ಅವುಗಳ ಗಡುವು ತಿಂಗಳಿನದು.

ಬರವಣಿಗೆ ಮಾತ್ರ ಎಷ್ಟು ಕಾಯಿಸಿದರೂ ತಕರಾರು ಮಾಡುವುದಿಲ್ಲ. ಅದರಿಂದ ಕೊಳೆತ ವಾಸನೆಯೂ ಬರುವುದಿಲ್ಲ, ಇರುವೆಯೂ ಮುತ್ತುವುದಿಲ್ಲ, ಮನೆಯಲ್ಲಿ ಯಾರೂ ಅದರ ಬಗ್ಗೆ ಕೇಳುವುದಿಲ್ಲ. ಉಳಿದ ಕೆಲಸಗಳೆಲ್ಲ ಅದರ ಹೊತ್ತನ್ನು ತಿಂದುಹಾಕುವುದು ಈ ಕಾರಣಕ್ಕೇ. ಹೀಗಾಗಿ ಗಡುವಿರುವ ಕೆಲಸಗಳಿಗೆ ದಿನ ಗೊತ್ತುಮಾಡುವ ಮೊದಲೇ ಗಡುವಿಲ್ಲದ ಕೆಲಸಕ್ಕೆ ಗಂಟೆ ಗೊತ್ತುಮಾಡಬೇಕು. ಮುಂದಿನ ಹಂತಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ಹಂತ 2: ಮಳೆ ನಕ್ಷತ್ರದ ಮೇಲೆ ದಿನದ ಪಟ್ಟಿ ಹಾಕುವುದು

ಗೋಡೆಯ ಕ್ಯಾಲೆಂಡರಿನ ತಿಂಗಳುಗಳಿಗಿಂತ ಪಂಚಾಂಗದ ಮಳೆ ನಕ್ಷತ್ರಗಳು ಈ ಕೆಲಸಕ್ಕೆ ಹೆಚ್ಚು ಒದಗುತ್ತವೆ, ಏಕೆಂದರೆ ಒಂದೊಂದೂ 13 ಅಥವಾ 14 ದಿನದ್ದು, ಮತ್ತು ಮನೆಯ ಹಿರಿಯರು ಮಾತನಾಡುವುದೂ ಅದೇ ಭಾಷೆಯಲ್ಲಿ. ಏಪ್ರಿಲ್ ಮಧ್ಯಕ್ಕೆ ಅಶ್ವಿನಿ, ಏಪ್ರಿಲ್ ಕೊನೆಯ ವಾರದಲ್ಲಿ ಭರಣಿ, ಮೇ 11ರ ಸುಮಾರಿಗೆ ಕೃತ್ತಿಕೆ, ಮೇ 25ರ ಸುಮಾರಿಗೆ ರೋಹಿಣಿ, ಜೂನ್ 8ರ ಸುಮಾರಿಗೆ ಮೃಗಶಿರ. ಮುಂಗಾರು ಕೇರಳಕ್ಕೆ ಮುಟ್ಟುವ ವಾಡಿಕೆಯ ದಿನ ಜೂನ್ 1. ಅಲ್ಲಿಂದ ನಮ್ಮ ಘಟ್ಟಕ್ಕೆ ಹತ್ತಿಬರಲು ಕೆಲವು ದಿನ ಸಾಕು. ಹಾಗಾಗಿ ಬಿಸಿಲು ಬೇಕಾದ ಯಾವ ಕೆಲಸವನ್ನೂ ರೋಹಿಣಿಯ ಒಳಗೆ ಇಟ್ಟುಕೊಳ್ಳಬಾರದು ಎಂಬುದು ನಮ್ಮ ಮನೆಯ ಕಟ್ಟುಪಾಡು.

ಅಶ್ವಿನಿಗೆ ಮೊದಲೇ ಅಪ್ಪೆಮಿಡಿ ಉಪ್ಪಿನಲ್ಲಿರಬೇಕು. ಅಶ್ವಿನಿ ಮತ್ತು ಭರಣಿ ಹಪ್ಪಳ ಸಂಡಿಗೆಗಳ ಕಾಲ. ಭರಣಿಯ ಕೊನೆ ಮತ್ತು ಕೃತ್ತಿಕೆ ಮುರುಗಲಿಗೆ ಮತ್ತು ಅಟ್ಟಕ್ಕೆ. ಭರಣಿ ಮಳೆಗೆ ಮುನ್ನ ಭರಣಿ ತುಂಬಬೇಕು ಎಂದು ನಮ್ಮ ಅತ್ತೆ ಹೇಳುತ್ತಿದ್ದುದು ಮೊದಲು ನನಗೆ ಬರೀ ಮಾತಿನ ಚಮತ್ಕಾರವೆನಿಸಿತ್ತು. ಆಮೇಲೆ ನೋಡಿದರೆ ಅದು ಇಡೀ ಬೇಸಿಗೆಯ ಪಟ್ಟಿಯ ಮೊದಲ ಸಾಲೇ ಆಗಿತ್ತು.

ಹಂತ 3: ಬರವಣಿಗೆಯ ಗಂಟೆಯನ್ನು ಬೆಳಕು ಹರಿಯುವ ಮೊದಲು ಇಡುವುದು

ಮಧ್ಯಾಹ್ನ ಬರೆಯುತ್ತೇನೆ ಎಂದುಕೊಂಡವರು ಬರೆದದ್ದನ್ನು ನಾನು ಕಂಡಿಲ್ಲ. ಮಧ್ಯಾಹ್ನದ ಬಿಸಿಲು ಹಪ್ಪಳದ ಸ್ವತ್ತು. ರಾತ್ರಿ ಬರೆಯುತ್ತೇನೆ ಎಂದುಕೊಂಡರೆ ದಿನವಿಡೀ ಹಲಸು ಬಿಡಿಸಿದ ಸೊಂಟ ಒಪ್ಪುವುದಿಲ್ಲ. ಉಳಿಯುವುದು ಬೆಳಗಿನ ಜಾವ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದು ಆರರ ಹೊತ್ತಿಗೆ. ನಾಲ್ಕೂ ಮುಕ್ಕಾಲಿಗೆ ಎದ್ದರೆ ಹಾಲು ಕರೆಯುವ ಮೊದಲು ಒಂದು ಗಂಟೆ ಹತ್ತು ನಿಮಿಷ ಕೈಗೆ ಸಿಗುತ್ತದೆ. ಈ ಹೊತ್ತಿನಲ್ಲಿ ಹೊಸದನ್ನು ಮಾತ್ರ ಬರೆಯಬೇಕು. ಹಳೆಯದನ್ನು ತಿದ್ದುವುದು, ಪತ್ರಗಳಿಗೆ ಉತ್ತರ ಬರೆಯುವುದು, ಸ್ಪರ್ಧೆಯ ನಿಯಮ ಓದುವುದು, ಟೈಪ್ ಮಾಡುವುದು ಇವಕ್ಕೆಲ್ಲ ಹಗಲಿನಲ್ಲಿ ಬೇರೆ ಜಾಗವಿದೆ.

ಪ್ರಮಾಣವನ್ನು ಚಿಕ್ಕದಾಗಿಡಿ. ನಾನು ದಿನಕ್ಕೆ ಒಂದು ಪುಟ ಎಂದು ಇಟ್ಟುಕೊಂಡಿದ್ದೇನೆ. ಅದು ಸುಮಾರು 200 ಪದ. ಹಿಂದಿನ ದಿನ ನಿಲ್ಲಿಸುವಾಗ ವಾಕ್ಯವನ್ನು ಪೂರ್ತಿ ಮುಗಿಸದೆ ಅರ್ಧಕ್ಕೆ ಬಿಟ್ಟರೆ ಮರುದಿನ ಆ ವಾಕ್ಯವೇ ಕೈ ಹಿಡಿದು ಎಳೆಯುತ್ತದೆ. ಪುಸ್ತಕ, ಪೆನ್ನು, ಒಂದು ಚಾರ್ಜ್ ದೀಪ ಇವಿಷ್ಟನ್ನೂ ರಾತ್ರಿಯೇ ಜಗಲಿಯ ಮೇಜಿನ ಮೇಲೆ ಇಡಬೇಕು. ಬೇಸಿಗೆಯಲ್ಲಿ ಕರೆಂಟು ಇರುವಾಗ ಇರುತ್ತದೆ. ಅದನ್ನು ನಂಬಿ ಜಾವದ ಹೊತ್ತನ್ನು ಕಳೆದುಕೊಳ್ಳಬಾರದು.

ಬರೆಯುವ ಕೃಷಿಕರು ಅಪರೂಪವೇನಲ್ಲ. ಪುತ್ತೂರಿನಿಂದ 1988ರಿಂದ ಬರುತ್ತಿರುವ ಅಡಿಕೆ ಪತ್ರಿಕೆ ‘ಕೃಷಿಕರ ಕೈಗೆ ಲೇಖನಿ’ ಎಂಬ ಮಾತನ್ನೇ ಧ್ಯೇಯವಾಗಿ ಹಿಡಿದು ಎಷ್ಟೋ ತೋಟದವರಿಂದ ಬರೆಸಿದೆ. ಆದರೆ ತೋಟದಲ್ಲಿದ್ದು ಬರೆಯುವ ಮಾತು ಬಂದಾಗ ಹಪ್ಪಳ ಒತ್ತುವವರ ದಿನಚರಿ ಲೆಕ್ಕಕ್ಕೆ ಬರುವುದು ಕಡಿಮೆ ಎಂಬ ಸಣ್ಣ ಅಸಮಾಧಾನ ನನ್ನದು. ಹಾಗಾಗಿಯೇ ಈ ಬರಹದಲ್ಲಿ ಹಪ್ಪಳಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಂತ 4: ಅಪ್ಪೆಮಿಡಿಯ ಹದಿನೈದು ದಿನವನ್ನು ಕರಡಿಗೆ ಬಳಸುವುದು

ಜೀರಿಗೆ ಪರಿಮಳದ ಮಿಡಿಯಾಗಲಿ, ಅನಂತಭಟ್ಟನ ಅಪ್ಪೆಯಾಗಲಿ, ಕೊಯ್ಯುವಾಗ ತೊಟ್ಟು ಉಳಿಯಬೇಕು ಮತ್ತು ಮಿಡಿ ನೆಲಕ್ಕೆ ಬೀಳಬಾರದು. ಬುಟ್ಟಿಗೆ ಹಗ್ಗ ಕಟ್ಟಿ ಮರದಿಂದ ಇಳಿಸಿದ ಮಿಡಿಗೂ ಬಡಿದು ಉದುರಿಸಿದ ಮಿಡಿಗೂ ವ್ಯತ್ಯಾಸ ಗೊತ್ತಾಗುವುದು ಆರು ತಿಂಗಳ ನಂತರ, ಭರಣಿಯಲ್ಲಿ ಕೈ ಹಾಕಿದಾಗ. ತಂದ ದಿನವೇ ಕಪ್ಪು ಕಲೆ ಇದ್ದದ್ದು, ಪೆಟ್ಟು ತಿಂದದ್ದು, ತೊಟ್ಟು ಕಳಚಿದ್ದು ಇವನ್ನು ಬೇರೆ ತೆಗೆದು ಅಂದೇ ಗೊಜ್ಜಿಗೆ ಅಥವಾ ಅಪ್ಪೆಹುಳಿಗೆ ಬಳಸಿ. ಉಳಿದದ್ದನ್ನು ತೊಳೆದು, ಬಟ್ಟೆಯಲ್ಲಿ ಒಂದೊಂದನ್ನೇ ಒರೆಸಿ, ನೀರಿನ ಪಸೆ ಆರಿದ ಮೇಲೆ ಭರಣಿಯಲ್ಲಿ ಮಿಡಿಯ ಒಂದು ಪದರ, ಕಲ್ಲುಪ್ಪಿನ ಒಂದು ಪದರ ಹೀಗೆ ತುಂಬಬೇಕು. ನಮ್ಮ ಮನೆಯ ಅಳತೆ ನಾಲ್ಕು ಸೇರು ಮಿಡಿಗೆ ಒಂದು ಸೇರು ಉಪ್ಪು. ದಿನಕ್ಕೊಮ್ಮೆ ಒಣಗಿದ ಸೌಟಿನಿಂದ ಮೇಲೆ ಕೆಳಗೆ ಮಾಡಿದರೆ ಮಿಡಿ ನೀರು ಬಿಟ್ಟು, ಹತ್ತರಿಂದ ಹದಿನೈದು ದಿನಗಳಲ್ಲಿ ಮೈಯೆಲ್ಲ ಸುಕ್ಕಾಗುತ್ತದೆ. ಆಮೇಲೆ ಆ ಉಪ್ಪುನೀರನ್ನು ಕುದಿಸಿ ಪೂರ್ತಿ ಆರಿಸಿ, ಸಾಸಿವೆ, ಬಣ್ಣಕ್ಕೆ ಬ್ಯಾಡಗಿ ಮೆಣಸು, ಖಾರಕ್ಕೆ ಬೇರೆ ಮೆಣಸು, ಸ್ವಲ್ಪ ಅರಿಸಿನ ಸೇರಿಸಿ ರುಬ್ಬಿದ ಹಿಂಡಿಯನ್ನು ಕೂಡಿಸುವುದು.

ಉಪ್ಪಿಗೆ ಹಾಕಿದ ದಿನದಿಂದ ಹಿಂಡಿ ಕೂಡಿಸುವ ದಿನದವರೆಗೆ ಮಿಡಿಗೆ ನಮ್ಮ ಅಗತ್ಯವಿರುವುದು ದಿನಕ್ಕೆ ಎರಡು ನಿಮಿಷ. ಹಲಸು ಇನ್ನೂ ಬಲಿತಿರುವುದಿಲ್ಲ. ಬೇಸಿಗೆಯ ಮೂರು ತಿಂಗಳಲ್ಲಿ ನಮಗೆ ಸಿಗುವ ಅತಿ ದೊಡ್ಡ ಬಿಡುವು ಇದೇ, ಮತ್ತು ಇದನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ಒಂದು ಕತೆಯ ಅಥವಾ ಲೇಖನದ ಮೊದಲ ಕರಡನ್ನು ಈ ಹದಿನೈದು ದಿನಗಳಲ್ಲಿಯೇ ಮುಗಿಸಬೇಕು. ದಿನಕ್ಕೊಂದು ಪುಟವೆಂದರೂ ಹದಿನೈದು ಪುಟವಾಯಿತು. ಹಿಂಡಿ ಕೂಡಿಸಿದ ದಿನ ಕರಡನ್ನು ಮುಚ್ಚಿಡಿ. ಮತ್ತೆ ಅದನ್ನು ತೆರೆಯುವುದು ಹಪ್ಪಳ ಕಾಯುವಾಗ.

ಹಂತ 5: ಹಲಸಿನ ದಿನಗಳು

ಹಪ್ಪಳಕ್ಕೆ ಬೇಕಾದದ್ದು ಬಲಿತ, ಆದರೆ ಹಣ್ಣಾಗದ ಕಾಯಿ. ಗಟ್ಟಿ ಸೊಳೆಯ ಬಕ್ಕೆಯಾದರೆ ಒಳ್ಳೆಯದು, ಮೆತ್ತನೆ ಸೊಳೆಯ ಅಂಬಲಿ ಮರದ ಕಾಯಿ ಬೇಗ ಮೆತ್ತಗಾಗಿ ಕೈ ಕೊಡುತ್ತದೆ. ಮುಳ್ಳುಗಳ ನಡುವೆ ಅಂತರ ಬಿಟ್ಟಿರಬೇಕು, ತಟ್ಟಿದರೆ ಡೊಬ್ಬೆಂದು ತುಂಬಿದ ಸದ್ದು ಬರಬೇಕು, ಪರಿಮಳ ಮಾತ್ರ ಬರಬಾರದು. ಸೊಳೆಗೆ ಸಿಹಿ ಹತ್ತಿದ್ದರೆ ಕರಿಯುವಾಗ ಹಪ್ಪಳ ಕೆಂಪಗಾಗುತ್ತದೆ. ಹಿಂದಿನ ಸಂಜೆಯೇ ಕಾಯಿ ಕೊಯ್ದು, ಮೇಣ ಸೋರಲು ಬಿಟ್ಟು, ಕತ್ತಿಗೂ ಕೈಗೂ ಕೊಬ್ಬರಿ ಎಣ್ಣೆ ಸವರಿಕೊಂಡು ಬಿಡಿಸಿದರೆ ಬೆಳಗ್ಗೆ ಒಂದು ಗಂಟೆ ಉಳಿಯುತ್ತದೆ. ಬೇಳೆಯನ್ನು (ಹಲಸಿನ ಬೀಜವನ್ನು) ಎಸೆಯಬೇಡಿ, ನೆರಳಿನಲ್ಲಿ ಆರಿಸಿ ಮಣ್ಣು ಸವರಿ ಇಟ್ಟರೆ ಮಳೆಗಾಲದ ಸಾರಿಗೆ ಆಗುತ್ತದೆ.

ಸೊಳೆಗಳನ್ನು ಹಬೆಯಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಬೇಯಿಸಿ, ಬಿಸಿಯಿರುವಾಗಲೇ ಒರಳಿಗೆ ಹಾಕಿ ಕುಟ್ಟಬೇಕು. ಆರಿದ ಮೇಲೆ ಕುಟ್ಟಿದರೆ ಗಂಟು ಉಳಿದು ಹಪ್ಪಳದ ಅಂಚು ಸೀಳುತ್ತದೆ. ಉಪ್ಪು, ಮೆಣಸಿನ ಪುಡಿ, ಜೀರಿಗೆ, ಕೊತ್ತಂಬರಿ ಬೀಜ ಸೇರಿಸುವಾಗ ನಾಲಿಗೆಗೆ ಸರಿ ಎನಿಸಿದ ಉಪ್ಪು ಒಣಗಿದ ಮೇಲೆ ಜಾಸ್ತಿಯಾಗುತ್ತದೆ ಎಂಬುದನ್ನು ನೆನಪಿಡಿ. ಹಸಿ ಹಿಟ್ಟು ಸ್ವಲ್ಪ ಸಪ್ಪೆಯೇ ಇರಬೇಕು. ನಿಂಬೆ ಗಾತ್ರದ ಉಂಡೆ ಮಾಡಿ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒತ್ತಿ ಚಾಪೆಗೆ ಹಾಕುವುದು. ಮಧ್ಯಮ ಗಾತ್ರದ ಒಂದು ಬಕ್ಕೆಯಿಂದ ನಮ್ಮಲ್ಲಿ 120ರಿಂದ 150 ಹಪ್ಪಳ ಬರುತ್ತದೆ. ಒಂಬತ್ತೂವರೆಯೊಳಗೆ ಚಾಪೆ ತುಂಬಿದರೆ ಎರಡು ಗಂಟೆಯ ಹೊತ್ತಿಗೆ ಮಗುಚಿ ಹಾಕಬಹುದು. ಒಳ್ಳೆಯ ಬಿಸಿಲಿದ್ದರೆ ಎರಡು ದಿನ, ಮೋಡವಾದರೆ ಮೂರು ದಿನ. ಮುರಿದರೆ ಟಕ್ಕೆಂದು ಸದ್ದಾದ ಹಪ್ಪಳ ಮಾತ್ರ ಡಬ್ಬ ಸೇರಬೇಕು.

ಕಾಯಿ ಬಿಡಿಸುವಾಗ, ಉಂಡೆ ಕಟ್ಟುವಾಗ ಕೈಗೆ ಮೇಣ ಮತ್ತು ಎಣ್ಣೆ, ಬಾಯಿ ಮಾತ್ರ ಖಾಲಿ. ಆಗ ಹೊಳೆದ ವಾಕ್ಯವನ್ನು ಮಗನ ಕೈಯಲ್ಲಿ ಫೋನು ಹಿಡಿಸಿ ಧ್ವನಿಮುದ್ರಿಸಿಕೊಳ್ಳುತ್ತೇನೆ. ಮಾತನ್ನು ಅಕ್ಷರಕ್ಕಿಳಿಸುವ ಸೌಲಭ್ಯವನ್ನೂ ಬಳಸಿ ನೋಡಿದೆ; ಅದು ನನ್ನ ‘ಮುರುಗಲು’ ಎಂಬುದನ್ನು ಪ್ರತಿ ಸಲವೂ ‘ಮರಗಳು’ ಎಂದೇ ಬರೆಯಿತು, ಬಿಟ್ಟುಬಿಟ್ಟೆ.

ಹಪ್ಪಳ ಚಾಪೆಗೆ ಬಿದ್ದ ಮೇಲೆ ಕಾಗೆ, ಮಂಗ, ಮೋಡ ಮೂರನ್ನೂ ಕಾಯಲು ಯಾರಾದರೂ ಜಗಲಿಯಲ್ಲಿ ಇರಲೇಬೇಕು. ಈ ನಾಲ್ಕೈದು ಗಂಟೆಗಳ ಕಾವಲು ಅರ್ಧ ಗಮನದ ಕೆಲಸಕ್ಕೆ ಹೇಳಿ ಮಾಡಿಸಿದ್ದು: ಬರೆದ ಕರಡಿನ ಕಾಗುಣಿತ ತಿದ್ದುವುದು, ಶುದ್ಧಪ್ರತಿ ಎತ್ತುವುದು, ಪಾತ್ರೆ ಬಟ್ಟೆ ವಿಂಗಡಿಸುವುದು. ಪೂರ್ಣ ಗಮನ ಬೇಡುವ ಯಾವುದನ್ನೂ ಇಲ್ಲಿಗೆ ತರಬಾರದು. ಇದನ್ನು ನಾನು ಕಲಿತದ್ದು ದುಬಾರಿ ಬೆಲೆ ಕೊಟ್ಟು. ಎಂಟು ವರ್ಷದ ಹಿಂದೆ, ಕೃತ್ತಿಕೆಯ ಒಂದು ಮಧ್ಯಾಹ್ನ, ಕಾವಲು ಕುಳಿತಲ್ಲಿ ಅಟ್ಟದಿಂದ ಇಳಿಸಿದ ಪೆಟ್ಟಿಗೆಯನ್ನು ತೆರೆದೆ. ಮಾವನವರ ಅಕ್ಕ ಗಂಡನ ಮನೆಯಿಂದ ತವರಿಗೆ ಬರೆದ ಇನ್‌ಲ್ಯಾಂಡ್ ಪತ್ರ ಕೈಗೆ ಬಂತು. ನೀಲಿ ಹಾಳೆಯ ಮಡಿಕೆಯ ಮೇಲೆಲ್ಲ ಜಾಗ ಸಾಲದೆ ಅಡ್ಡಕ್ಕೆ ಬರೆದಿದ್ದರು. ಅದನ್ನು ತಿರುಗಿಸಿ ತಿರುಗಿಸಿ ಓದುತ್ತಿದ್ದೆ. ಒಳಗಿನಿಂದ ಅತ್ತೆ “ತಂಗೀ, ಮೋಡ ಕಟ್ಟಿದ್ದು ನೋಡೇ” ಎಂದದ್ದು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಎದ್ದು ಓಡುವಷ್ಟರಲ್ಲಿ ದಪ್ಪ ಹನಿಗಳ ಏಟಿಗೆ ಇನ್ನೂರು ಹಪ್ಪಳ ಚಾಪೆಗೆ ಅಂಟಿ ಮುದ್ದೆಯಾಗಿದ್ದವು. ಅತ್ತೆ ಬೈಯಲಿಲ್ಲ. ಚಾಪೆಯನ್ನು ಕೆರೆದು ದನಕ್ಕೆ ಹಾಕಿದರು, ಅಷ್ಟೇ.

ಹಂತ 6: ಅಟ್ಟ ಇಳಿಸಿ ವಿಂಗಡಿಸುವುದು

ಆ ದಿನದ ನಂತರ ವಿಂಗಡಣೆಗೂ ಓದಿಗೂ ನಡುವೆ ಗೋಡೆ ಹಾಕಿದೆ. ಅಟ್ಟವನ್ನು ಒಂದೇ ದಿನಕ್ಕೆ ಪೂರ್ತಿ ಇಳಿಸಬಾರದು. ಒಂದು ದಿನಕ್ಕೆ ಒಂದು ಮೂಲೆ ಸಾಕು. ಖಾಲಿ ಅಡಿಕೆ ಚೀಲ ನಾಲ್ಕನ್ನು ಜಗಲಿಯಲ್ಲಿ ಸಾಲಾಗಿ ಇಟ್ಟು ಒಂದೊಂದಕ್ಕೂ ರಟ್ಟಿನ ಚೀಟಿ ಕಟ್ಟಿ: ಇರಲಿ, ಕೊಡೋಣ, ಗುಜರಿ, ಓದಬೇಕು. ಕೈಗೆ ತೆಗೆದುಕೊಂಡ ವಸ್ತು ನಾಲ್ಕರಲ್ಲಿ ಒಂದಕ್ಕೆ ಬೀಳಲೇಬೇಕು, ಮತ್ತೆ ನೆಲಕ್ಕೆ ಇಳಿಯಕೂಡದು. ಪಾತ್ರೆ, ಬುಟ್ಟಿ, ಬಟ್ಟೆಗಳ ವಿಚಾರ ಹೆಚ್ಚು ಹೇಳಬೇಕಾಗಿಲ್ಲ; ಮೂರು ವರ್ಷ ಯಾರ ಮದುವೆಗೂ ಇಳಿಯದ ಹಂಡೆಯನ್ನು ಬೇಕಾದವರಿಗೆ ಕೊಟ್ಟುಬಿಡಿ.

ಕಾಗದಗಳ ವಿಚಾರ ಬೇರೆ. ಪಹಣಿ, ಕಂದಾಯದ ರಸೀದಿ, ಪಾಲುಪತ್ರ, ಸೊಸೈಟಿಯ ಲೆಕ್ಕಪುಸ್ತಕ ಇವು ನೋಡದೆಯೇ ‘ಇರಲಿ’ ಚೀಲಕ್ಕೆ. ಮಳೆಗಾಲದಲ್ಲಿ ಮನೆಯ ಹಿರಿಯರೊಬ್ಬರ ಜೊತೆ ಕುಳಿತು ನೋಡಬಹುದು. ಕೈಬರಹದ ಯಾವುದೇ ಹಾಳೆ, ಪತ್ರ, ದಿನಚರಿ, ಅಜ್ಜನ ಕಾಲದ ಕೂಲಿ ಲೆಕ್ಕದ ವಹಿ ಇವು ‘ಓದಬೇಕು’ ಚೀಲಕ್ಕೆ. ಮೇಲಿನ ಸಾಲನ್ನಷ್ಟೇ ನೋಡಲು ಅನುಮತಿ, ಎರಡನೆಯ ಸಾಲಿಗೆ ಹೋಗುವಂತಿಲ್ಲ. ಬರೆಯುವವರಿಗೆ ಇದು ಬಲು ಕಷ್ಟದ ಶಿಸ್ತು, ಏಕೆಂದರೆ ಕೂಲಿ ಲೆಕ್ಕದ ವಹಿಯಲ್ಲೂ ಯಾವ ದಿನ ಯಾರು ಕೆಲಸಕ್ಕೆ ಬರಲಿಲ್ಲ, ಏಕೆ ಬರಲಿಲ್ಲ ಎಂಬ ಒಂದು ಕಾದಂಬರಿಯೇ ಇರುತ್ತದೆ. ಆದರೆ ಆ ಚೀಲವನ್ನು ಬಾಯಿ ಹೊಲಿದು ಆಷಾಢಕ್ಕೆ ಇಟ್ಟುಕೊಂಡರೆ, ಹೊರಗೆ ಕಾಲಿಡಲಾಗದ ಮಳೆಯ ದಿನಗಳಿಗೆ ಅದಕ್ಕಿಂತ ಒಳ್ಳೆಯ ಸಂಗಾತಿಯಿಲ್ಲ. ಒಂದು ವರ್ಷಕ್ಕೆ ಒಂದೇ ಚೀಲ. ಅದು ತುಂಬಿದರೆ ಅಟ್ಟದ ಕೆಲಸ ಆ ವರ್ಷಕ್ಕೆ ಮುಗಿಯಿತೆಂದೇ ತಿಳಿಯಿರಿ.

ಪುಸ್ತಕಗಳನ್ನು ನೇರ ಬಿಸಿಲಿಗೆ ಹಾಕಬೇಡಿ. ಕಾಗದ ಹಳದಿಯಾಗಿ ಅಂಚು ಪುಡಿಯಾಗುತ್ತದೆ. ಗಾಳಿಯಾಡುವ ಜಗಲಿಯ ನೆರಳಿನಲ್ಲಿ ಹಾಳೆ ಬಿಡಿಸಿಕೊಂಡಿರುವಂತೆ ನಿಲ್ಲಿಸಿ, ದಿನದ ಕೊನೆಗೆ ಒಣ ಬಟ್ಟೆಯಿಂದ ಒರೆಸಿ, ಮರದ ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿ ಮತ್ತೆ ಜೋಡಿಸಬೇಕು. ಒರಲೆ (ಗೆದ್ದಲು) ಹತ್ತಿಬರುವುದು ಹೆಚ್ಚಾಗಿ ಗೋಡೆಯ ಕಡೆಯಿಂದಲೇ. ತೆಳು ಬಟ್ಟೆಯಲ್ಲಿ ಬಜೆಯ ಕೊಂಬು ಕಟ್ಟಿ ಸಾಲಿಗೊಂದರಂತೆ ಇಡುವುದು ಹಿಂದಿನಿಂದ ಬಂದ ಪದ್ಧತಿ, ನಾನೂ ಇಡುತ್ತೇನೆ.

ಇನ್ನೊಂದು ಎಚ್ಚರ. ಗುಜರಿಯವನು ಬರುವ ದಿನ ನೀವು ಮನೆಯಲ್ಲಿರಬೇಕು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾನು ಬರೆದಿಟ್ಟಿದ್ದ ಒಂದು ಕತೆ, ಅದರ ಒಂದೇ ಒಂದು ಪ್ರತಿ, ಪೇಪರ್ ಕಟ್ಟಿನೊಡನೆ ಕಿಲೋ ಲೆಕ್ಕದಲ್ಲಿ ಹೋಯಿತು. ಅದನ್ನು ಮತ್ತೆ ಬರೆದೆ. ಮೊದಲಿನದು ಇನ್ನೂ ಚೆನ್ನಾಗಿತ್ತು ಎಂಬ ಅನುಮಾನ ಮಾತ್ರ ಹೋಗಿಲ್ಲ. ಈಗ ನನ್ನ ಹಾಳೆಗಳಿಗೆಲ್ಲ ಕೆಂಪು ಮುಚ್ಚಳದ ಒಂದು ತಗಡಿನ ಡಬ್ಬವಿದೆ, ಮನೆಯವರೆಲ್ಲರಿಗೂ ಅದು ಗೊತ್ತಿದೆ, ಮತ್ತು ಪ್ರತಿ ಭಾನುವಾರ ವಾರದ ಪುಟಗಳನ್ನು ಫೋನಿನಲ್ಲಿ ಚಿತ್ರ ತೆಗೆದು ಮಗಳಿಗೆ ಕಳಿಸುತ್ತೇನೆ.

ಹಂತ 7: ಮುರುಗಲು, ಗೇರು ಮತ್ತು ನೆಂಟರು

ಗೇರುಬೀಜಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಹಣ್ಣಿನಿಂದ ಬೇರ್ಪಡಿಸಿ ಎರಡು ಮೂರು ಬಿಸಿಲು ಒಣಗಿಸಿ, ಹಿಡಿ ತೆಗೆದು ಅಲ್ಲಾಡಿಸಿದರೆ ಖಣಖಣ ಎನ್ನುವಂತಾದ ಮೇಲೆ ಚೀಲಕ್ಕೆ ತುಂಬಿ ಪೇಟೆಗೆ ಹೋಗುವವರ ಕೈಯಲ್ಲಿ ಕಳಿಸಿದರೆ ಆಯಿತು. ಮುರುಗಲನ್ನು ಪೂರ್ತಿ ಕೆಂಪಗಾದ ಮೇಲೆ ಕೊಯ್ದು, ಸೀಳಿ, ಬೀಜ ತೆಗೆದು, ಸಿಪ್ಪೆಯ ತೂಕದಷ್ಟೇ ಸಕ್ಕರೆಯನ್ನು ಪದರ ಪದರವಾಗಿ ಗಾಜಿನ ಜಾಡಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಎಂಟು ಹತ್ತು ದಿನ ಬಿಸಿಲಿಗಿಟ್ಟರೆ ಷರಬತ್ತಿನ ರಸ ಸಿದ್ಧ. ಉಳಿದ ಸಿಪ್ಪೆಯನ್ನು ಸಾರಿಗೆ ಒಣಗಿಸಿ. ಬೀಜವನ್ನೂ ಒಣಗಿಸಿಟ್ಟರೆ ಮುರುಗಲ ತುಪ್ಪ ತೆಗೆಯುವುದು ಮಳೆಗಾಲದಲ್ಲಿ ಒಲೆಯ ಮುಂದಿನ ಕೆಲಸವಾಗುತ್ತದೆ. ಒಡೆದ ಹಿಮ್ಮಡಿಗೆ ಅದರಷ್ಟು ಒಳ್ಳೆಯ ಮದ್ದು ನಮ್ಮ ಮನೆಯಲ್ಲಿ ಬೇರೆಯಿಲ್ಲ.

ನೆಂಟರು ಬಂದಾಗ ಪಟ್ಟಿ ತಪ್ಪುತ್ತದೆ, ತಪ್ಪಲಿ. ಬಂದವರನ್ನು ಕೂರಿಸಿಕೊಂಡು ಉಂಡೆ ಕಟ್ಟಿಸುವುದು ಈ ಕಡೆಯ ಹಳೆಯ ವಾಡಿಕೆ, ಯಾರೂ ಬೇಸರಿಸುವುದಿಲ್ಲ. ಮಾತೂ ಆಗುತ್ತದೆ, ಆ ಮಾತಿನಲ್ಲಿ ಕತೆಗೆ ಬೇಕಾದ ಎಷ್ಟೋ ಸಿಗುತ್ತದೆ. ಮದುವೆಗೆ ಹೋಗಿ ರಾತ್ರಿ ತಡವಾಗಿ ಬಂದ ಮರುದಿನ ಜಾವಕ್ಕೆ ಏಳಲಾಗದಿದ್ದರೆ ಆ ದಿನದ ಪುಟವನ್ನು ಮರುದಿನಕ್ಕೆ ಸೇರಿಸಬೇಡಿ. ಎರಡು ಪುಟದ ಸಾಲ ಮೂರಾಗಿ, ನಾಲ್ಕಾಗಿ, ಕೊನೆಗೆ ಪುಸ್ತಕವನ್ನೇ ಮುಚ್ಚಿಡುವಂತಾಗುತ್ತದೆ.

ಹಂತ 8: ರೋಹಿಣಿ ಹಿಡಿಯುವ ಹಿಂದಿನ ವಾರ

ಈ ವಾರದಲ್ಲಿ ಹೊಸದಾಗಿ ಯಾವುದನ್ನೂ ಆರಂಭಿಸುವುದಿಲ್ಲ. ಹಪ್ಪಳದ ಡಬ್ಬಗಳನ್ನು ಇನ್ನೊಂದು ಬಿಸಿಲು ತೋರಿಸಿ, ಮುಚ್ಚಳದ ಸುತ್ತ ಬಟ್ಟೆ ಬಿಗಿದು, ಹಾಕಿದ ತಾರೀಖನ್ನು ಚೀಟಿಯಲ್ಲಿ ಬರೆದು ಅಂಟಿಸುವುದು. ಉಪ್ಪಿನಕಾಯಿ ಭರಣಿಯ ಬಾಯಿಯನ್ನು ಒರೆಸಿ, ಮಿಡಿ ರಸದಲ್ಲಿ ಮುಳುಗಿದೆಯೇ ಎಂದು ನೋಡಿ ಕಟ್ಟುವುದು. ‘ಓದಬೇಕು’ ಚೀಲವನ್ನು ನೆಲಕ್ಕೆ ತಾಗದಂತೆ ಮಣೆಯ ಮೇಲೆ ಏರಿಸುವುದು. ಬೆಳಗಿನ ಒಂದು ಗಂಟೆಯನ್ನು ಈ ವಾರ ಮಾತ್ರ ಶುದ್ಧಪ್ರತಿಗೆ ಕೊಡುತ್ತೇನೆ. ಮೃಗಶಿರ ಹಿಡಿದರೆ ನಮ್ಮೂರಿನಲ್ಲಿ ಕರೆಂಟನ್ನೂ ನೆಟ್‌ವರ್ಕನ್ನೂ ನಂಬುವ ಹಾಗಿಲ್ಲ. ಕತೆಯನ್ನು ಕಳಿಸಬೇಕಾದಲ್ಲಿಗೆ ಮೇ ತಿಂಗಳಲ್ಲೇ ಕಳಿಸಿ, ಇನ್ನೊಂದು ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೆಂಪು ಮುಚ್ಚಳದ ಡಬ್ಬಕ್ಕೆ ಹಾಕಿ, ಒಲೆಯ ಮೇಲಿನ ಬೆಚ್ಚಗಿನ ಅಟ್ಟದಲ್ಲಿ ಹಪ್ಪಳದ ಡಬ್ಬಗಳ ಪಕ್ಕಕ್ಕೇ ಇಡುತ್ತೇನೆ.